ಲಾಮೆಕ್ ಬೈಯುವುದನ್ನು ಬಿಟ್ಟ ದಿನ

"ಬಂದ್ಲಪ್ಪಾ ಕೋತಿ ತಿನ್ನೋಳು! ನಾಯಿಮರೀನ ಒಳಗೆ ಕಟ್ರೇ, ಹಸ್ಕೊಂಡು ಬಂದಿದಾಳೆ!"

ಪ್ರಿಸ್ಕಾ ಕಸೊಂಡೆ ಬಾಡಿಗೆ ಗಾಡಿಯಿಂದ ಒಂದು ಕಾಲನ್ನಷ್ಟೇ ಕೆಳಗಿಟ್ಟಿದ್ದಳು. ಸಾವಿನ ಮನೆಯ ಅಂಗಳದಿಂದ ಅವಳಿಗೆ ಸಿಕ್ಕ ಸ್ವಾಗತ ಇದು. ಕೂಗಿದವಳು ಅನೆಸಿ, ಸತ್ತ ಲಾಮೆಕ್ ಜೇರೆಯ ತಂಗಿ. ಎರಡು ದಿನ ಅತ್ತು ಅವಳ ಕಣ್ಣು ಊದಿಕೊಂಡಿತ್ತು, ಗಂಟಲು ಕಟ್ಟಿತ್ತು, ಬಾಯಿ ಮಾತ್ರ ಸೋತಿರಲಿಲ್ಲ.

"ಇಲಿ ತಿನ್ನೋ ಜನದಲ್ಲಿ ಒಬ್ಬ ಕಡಿಮೆ ಆದ ಅಂತ ಸುದ್ದಿ ಬಂತು. ಉಳ್ಕೊಂಡಿರೋ ಇಲಿಗಳಿಗೆ ಶುಭಾಶಯ ಹೇಳೋಣ ಅಂತ ಬಂದೆ" ಎಂದಳು ಪ್ರಿಸ್ಕಾ. ಅಂಗಳಕ್ಕೆ ಅಂಗಳವೇ ನಕ್ಕಿತು. ಅನೆಸಿ ನಗುತ್ತಲೇ ಓಡಿ ಬಂದು ಅವಳ ಕೊರಳಿಗೆ ಬಿದ್ದು ಗೊಳೋ ಎಂದು ಅತ್ತಳು.

ಹೊರಗಿನವರು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಆದರೆ ಪ್ರಿಸ್ಕಾಳ ಕಡೆಯ, ಉತ್ತರದ ಬೆಂಬಾ ಜನಕ್ಕೂ ಲಾಮೆಕ್ ಕಡೆಯ, ಪೂರ್ವದ ಅಂಗೋನಿ ಜನಕ್ಕೂ ಇರುವ ನಂಟೇ ಅಂಥದ್ದು. ಮುತ್ತಜ್ಜಂದಿರು ಈಟಿ ಹಿಡಿದು ಕಡಿದಾಡಿದರು, ಮರಿಮಕ್ಕಳು ಬೈದಾಡಿಕೊಂಡು ಹಾಯಾಗಿದ್ದಾರೆ. ಚಿಂಬುಯಾ ಅನ್ನುತ್ತಾರೆ, ಬೈಗುಳದ ನಂಟರು. ಬಸ್ಸಿನಲ್ಲಿ ಸಿಗಲಿ, ಪಾರ್ಲಿಮೆಂಟಿನ ಮೆಟ್ಟಿಲ ಮೇಲೆ ಸಿಗಲಿ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯಬೇಕು, ಸಿಟ್ಟಾದವನೇ ತಪ್ಪಿತಸ್ಥ. ಸಾವಿನ ಮನೆಯಲ್ಲಂತೂ ಈ ನಂಟರಿಲ್ಲದೆ ಹೆಣ ಏಳುವುದಿಲ್ಲ. ನೀರು ಹೊರುವವರು ಅವರು, ಜೋಳದ ಮುದ್ದೆ ತಿರುವುವವರು ಅವರು, ಗುಂಡಿ ತೋಡಿ ಅದರೊಳಗೇ ಮಲಗಿ ಇದು ನನ್ನ ಜಾಗ ಎಂದು ಹಟ ಹಿಡಿಯುವವರೂ ಅವರೇ. ಸತ್ತವನ ಅಂಗಿ ತೊಟ್ಟು, ಅವನಂತೆ ನಡೆದು, ಅಳುವವರನ್ನು ನಗಿಸುತ್ತಾರೆ. ಅವರು ಆಡಿದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವಂತಿಲ್ಲ. ಅದು ಕಟ್ಟಳೆ. ಪ್ರಿಸ್ಕಾ ಇಪ್ಪತ್ತಾರು ವರ್ಷದಿಂದ ಅಡಗಿ ಕೂತದ್ದೂ ಅದೇ ಕಟ್ಟಳೆಯ ಹಿಂದೆ.

ಈ ಪ್ರಿಸ್ಕಾ ಅಂದರೆ ಸಾಮಾನ್ಯದವಳಲ್ಲ. ಉತ್ತರದ ಕಸಾಮಾ ಊರಿನ ನರ್ಸಮ್ಮನ ಮಗಳು, ವಿದೇಶಾಂಗ ಖಾತೆಯಲ್ಲಿ ಬೆರಳಚ್ಚು ಕುಟ್ಟುತ್ತಾ ಸೇರಿದವಳು, ರಾಯಭಾರಿಯಾದಳು. ದಾರೆಸ್ಸಲಾಮ್ ನೋಡಿದಳು, ಅಡಿಸ್ ಅಬಾಬಾ ನೋಡಿದಳು. ಅವಳ ಹೆಸರಾದದ್ದೇ ಕಿವಿಯಿಂದ. ಒಮ್ಮೆ ಅಡಿಸ್‌ನಲ್ಲಿ ಊಟದ ಮೇಜಿನಲ್ಲಿ ಇನ್ನೊಂದು ದೇಶದ ಮುದುಕ ಮಂತ್ರಿ, ಹೊರೆ ಹೆಚ್ಚಾದರೆ ಕೆಡವಿ ಓಡಿಹೋಗುವ ತನ್ನ ಕತ್ತೆಯ ಮೇಲೆ ಏನೋ ತಮಾಷೆ ಹೇಳಿದ. ಎಲ್ಲರೂ ನಕ್ಕರು. ಪ್ರಿಸ್ಕಾ ಒಬ್ಬಳೇ ಎದ್ದು ಹೋಗಿ ತನ್ನ ಸರ್ಕಾರಕ್ಕೆ ತಂತಿ ಕಳಿಸಿದಳು, ಇವರು ನಾಳೆ ಮಾತುಕತೆ ಬಿಟ್ಟು ಎದ್ದು ಹೋಗ್ತಾರೆ ಎಂದು. ಹಾಗೇ ಆಯಿತು. ಆಮೇಲೆ ಚುನಾವಣೆ ಗೆದ್ದಳು, ಮಂತ್ರಿಯಾದಳು. ಕುರ್ಚಿ ಹೋದ ಮೇಲೆ ಮಕ್ಕಳ ಕೆಲಸಕ್ಕೆ ನಿಂತಳು. ಬಾಲ್ಯವಿವಾಹದಿಂದ ಬಿಡಿಸಿ ಶಾಲೆಗೆ ಕಳಿಸಿದ ಹುಡುಗಿಯರು ಊರೂರಲ್ಲಿ ಅವಳನ್ನು ಅಮ್ಮ ಅನ್ನುತ್ತಾರೆ. ಶನಿವಾರ ಬಂತೆಂದರೆ ರೇಡಿಯೋದಲ್ಲಿ ಅವಳದೇ ದನಿ: ಮಕ್ಕಳ ಮಾತಿಗೆ ಕಿವಿ ಕೊಡಿ, ಕಿವಿ ಕೊಡಿ.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಸೊಂಟ ನೋವನ್ನು ಲೆಕ್ಕಿಸದೆ, ರಾಜಧಾನಿ ಲುಸಾಕಾದಿಂದ ಏಳು ತಾಸು ಗಾಡಿಯಲ್ಲಿ ಕುಲುಕಿಕೊಂಡು ಚಿಪಾಟಾದಾಚೆಯ ಈ ಹಳ್ಳಿಗೆ ಅವಳು ಬಂದದ್ದು ಹಿಂದೆ ತನ್ನ ಗಾಡಿ ಓಡಿಸುತ್ತಿದ್ದ ಒಬ್ಬ ಚಾಲಕನ ಮಣ್ಣಿಗೆ. ಎಂಥ ದೊಡ್ಡ ಮನಸ್ಸು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವಳಿಗೆ ಅದು ಕೇಳಿಸಿತು, ಮೈಯೆಲ್ಲ ಮುಳ್ಳಾಯಿತು.

ಅನೆಸಿ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ನೀನಾದ್ರೂ ಹೇಳೇ ಅವಳಿಗೆ. ತೊಕೋ ಮಣ್ಣು ಹಾಕಲ್ಲ ಅಂತ ಕೂತಿದಾಳೆ. ಇರೋಳು ಒಬ್ಳೇ ಮಗಳು. ಮಗಳ ಕೈ ಮಣ್ಣಿಲ್ದೆ ನಮ್ಮಣ್ಣ ಹೆಂಗೇ ಮಲಗ್ತಾನೆ?"

"ಯಾಕಂತೆ?" ಎಂದು ಕೇಳಿದಳು ಪ್ರಿಸ್ಕಾ. ಗೊತ್ತಿದ್ದೂ ಕೇಳಿದಳು.

"ಮತ್ತಿನ್ಯಾಕೆ? ಹದಿನಾಲ್ಕರಲ್ಲಿ ಆ ಮುದುಕನಿಗೆ ಕಟ್ಟಿದ್ರಲ್ಲ, ಅಪ್ಪ ತುಟಿ ಪಿಟಕ್ಕನ್ನಲಿಲ್ಲ ಅಂತ ಸಿಟ್ಟು. ಮೈಲಿ ದೂರದಲ್ಲಿ ಅಂಗಡಿ ಇಟ್ಕೊಂಡು ಬಟ್ಟೆ ಹೊಲೀತಾಳೆ, ಅಪ್ಪನ ಹೊಸಲು ತುಳಿದಿಲ್ಲ. ಇವನೂ ಅಷ್ಟೇ, ಒಂದಿನ ಬಾಯಿ ಬಿಟ್ಟು ಹೀಗಾಯ್ತು ಮಗಳೇ ಅನ್ನಲಿಲ್ಲ."

ಅನ್ನಲಿಲ್ಲ. ಅಂದಿದ್ದರೆ ಪ್ರಿಸ್ಕಾಳ ಹೆಸರು ಹೇಳಬೇಕಾಗುತ್ತಿತ್ತು. ಒಂಬತ್ತು ವರ್ಷ ಗಾಡಿ ಓಡಿಸಿದವನು ಹಿಂದಿನ ಸೀಟಿನ ಮಾತನ್ನು ಹೊರಗೆ ಆಡಲಿಲ್ಲ. ಮಗಳನ್ನು ಕಳೆದುಕೊಂಡ, ಮಾತು ಆಡಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ, ಅವಳು ಮಂತ್ರಿಯಾಗಿದ್ದಾಗ, ಒಂದು ಮಂಗಳವಾರ ಬೆಳಿಗ್ಗೆ ಜಿನೀವಾದ ವಿಮಾನ ಹಿಡಿಯಬೇಕಿತ್ತು. ತೊಡೆಯ ಮೇಲೆ ಭಾಷಣದ ಹಾಳೆ, ಕೈಯಲ್ಲಿ ಕೆಂಪು ಪೆನ್ಸಿಲು. ಅರ್ಧ ದಾರಿಯಲ್ಲಿ ಲಾಮೆಕ್ ಶುರು ಮಾಡಿದ.

"ಏನು ಕೋತಿಯಮ್ಮ, ಮೂಳೆ ಹಲ್ಲಿಗೆ ಸಿಕ್ಕೊಂಡಿದ್ಯಾ? ಬೆಳಗ್ಗೆಯಿಂದ ಮಾತೇ ಇಲ್ಲ."

"ಭಾಷಣ ಓದ್ತಿದೀನಿ ಇಲಿರಾಯ, ಸುಮ್ನೆ ಓಡ್ಸು."

"ಎಂಥ ಭಾಷಣ?"

"ಸಣ್ಣ ಹುಡುಗೀರಿಗೆ ಮದ್ವೆ ಮಾಡ್ಬೇಡಿ ಅಂತ. ನಿಮ್ಮಂಥ ಕಾಡುಜನಕ್ಕೆ ಬುದ್ಧಿ ಹೇಳೋಕೆ ಜಿನೀವಾ ತನಕ ಹೋಗ್ಬೇಕು ನೋಡು, ನನ್ನ ಕರ್ಮ."

ಲಾಮೆಕ್ ನಕ್ಕ. ಮುಂದಿದ್ದ ಲಾರಿಯೊಂದನ್ನು ದಾಟಿದ. ಆಮೇಲೆ ಅದೇ ಧಾಟಿಯಲ್ಲಿ ಅಂದ: "ಹಂಗಾದ್ರೆ ಅಷ್ಟು ದೂರ ಯಾಕೆ, ನಮ್ಮೂರಿಗೇ ಹೋಗು. ಶನಿವಾರ ನಮ್ಮಣ್ಣ ನನ್ನ ತೊಕೋಗೆ ಮದ್ವೆ ಮಾಡ್ತಿದಾನೆ. ಹದಿನಾಲ್ಕು ಅವಳಿಗೆ. ಗಂಡಿಗೆ ನನಗಿಂತ ಜಾಸ್ತಿ ನರೆ. ಎಂಟು ಹಸು ಕೊಡ್ತಾನಂತೆ, ಅದ್ರಲ್ಲೂ ಒಂದಕ್ಕೆ ಎಡಗೊಂಬು ಮುರಿದಿದೆ, ನೋಡು ನಮ್ಮ ಯೋಗ್ಯತೆ! ನೀನೊಂದು ಫೋನು ಹೊಡೆದ್ರೆ ಜಿಲ್ಲಾಧಿಕಾರಿ ಓಡ್ಹೋಗಿ ನಿಲ್ಲಿಸ್ತಾನೆ. ಕೋತಿ ತಿನ್ನೋ ಬಾಯಿಂದ ಒಂದಾದ್ರೂ ಒಳ್ಳೆ ಮಾತು ಬಂದಂಗಾಗುತ್ತೆ."

ಪ್ರಿಸ್ಕಾ ಹಾಳೆ ತಿರುವುತ್ತಾ ಅಂದಳು: "ಎಂಟು ಹಸು? ಇಲಿ ತಿನ್ನೋನ ಮಗಳಿಗೆ ಅದೇ ಹೆಚ್ಚಾಯ್ತು ಕಣೋ! ಕೊಂಬು ಮುರಿದಿದ್ದು ನೀನಿಟ್ಕೋ, ಮಿಕ್ಕಿದ್ದು ಕಸಾಮಾಕ್ಕೆ ಹೊಡ್ಕೊಂಡು ಬಾ." ಅಂದು ನಕ್ಕಳು.

ಲಾಮೆಕ್ ಕೂಡ ನಕ್ಕ, ಅವಳಿಗಿಂತ ಜೋರಾಗಿ. ಆಗ ಮುಂದಿನ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಕಣ್ಣು ನಗುತ್ತಿರಲಿಲ್ಲ. ಇದನ್ನು ಪ್ರಿಸ್ಕಾ ನೋಡಿದಳು. ನೋಡಲಿಲ್ಲ ಎಂದು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು, ಆದರೆ ನೋಡಿದ್ದಳು. ಹೆಂಡತಿ ಸತ್ತ ಮೇಲೆ ಮಗಳನ್ನು ಸಾಕಿದವನು ಅಣ್ಣ, ಮಾತು ಕೊಟ್ಟವರು ಮನೆತನದ ಹಿರಿಯರು, ಇವನು ಬೇಡವೆಂದರೆ ಗದರಿಸಿ ಕೂರಿಸಿದ್ದರು. ಮನೆಯ ಮೇಲೆ ದೂರು ಹೇಳುವುದು ಹೇಗೆ, ಮಂತ್ರಿಯ ಮುಂದೆ ಚಾಲಕ ಕೈ ಚಾಚುವುದು ಹೇಗೆ? ಅವನಿಗೆ ತೆರೆದಿದ್ದ ಬಾಗಿಲು ತಮಾಷೆ ಒಂದೇ. ಅಡಿಸ್‌ನಲ್ಲಿ ಕತ್ತೆಯ ಕಥೆಯೊಳಗಿನ ಗುಟ್ಟನ್ನು ಹಿಡಿದ ಕಿವಿ, ಒಂದು ಮಾರು ದೂರದಲ್ಲಿ ಕೂತವನ ಮಾತನ್ನು ಹಿಡಿಯಲಿಲ್ಲ ಎಂದರೆ ಯಾರು ನಂಬಬೇಕು? ವಿಮಾನಕ್ಕೆ ಹೊತ್ತಾಗಿತ್ತು. ಭಾಷಣದ ಕೊನೆಯ ಪುಟ ಇನ್ನೂ ಸರಿಹೋಗಿರಲಿಲ್ಲ. ನಗುವುದು ಸುಲಭವಾಗಿತ್ತು.

ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿಕೊಟ್ಟು ಲಾಮೆಕ್ ಟೊಪ್ಪಿ ತೆಗೆದ. "ಹುಷಾರಾಗಿ ಹೋಗಿ, ಮೇಡಂ" ಎಂದ.

ಅಂದಿನಿಂದ ಅವನು ಅವಳನ್ನು ಬೈಯಲಿಲ್ಲ. ಇನ್ನೂ ಮೂರು ವರ್ಷ ಗಾಡಿ ಓಡಿಸಿದ, ಒಂದು ದಿನ ಕೋತಿಯ ಮಾತು ಎತ್ತಲಿಲ್ಲ. ಅವಳೇ ಕೆಣಕಿದರೆ "ಸರಿ ಮೇಡಂ" ಅನ್ನುತ್ತಿದ್ದ. ಜಿನೀವಾದಲ್ಲಿ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಹಿಂದಿರುಗಿದ ವಾರವೇ ಕಚೇರಿಯಲ್ಲಿ ಯಾರೋ ಅಂದರು, ಲಾಮೆಕ್ ಮಗಳ ಮದುವೆ ಆಗಿಹೋಯ್ತಂತೆ ಪಾಪ ಎಂದು. ಇನ್ನೊಂದು ವರ್ಷಕ್ಕೆ ಸುದ್ದಿ ಬಂತು, ಹೆರಿಗೆಯಲ್ಲಿ ಮಗು ಹೋಯಿತು, ಹುಡುಗಿ ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದಳು, ಇನ್ನು ಅವಳಿಗೆ ಮಕ್ಕಳಾಗುವುದಿಲ್ಲ ಎಂದು. ಆಗ ಪ್ರಿಸ್ಕಾ ಏನು ಮಾಡಿದಳು ಗೊತ್ತೇ? ಲಾಮೆಕ್ ಕೈಗೆ ಒಂದು ಗಂಟು ಬಟ್ಟೆ ಕೊಟ್ಟು ಮಗಳಿಗೆ ಕಳಿಸು ಅಂದಳು. ತಾನು ಉಟ್ಟು ಬಿಟ್ಟ ಬಟ್ಟೆ! ನೆನೆಸಿಕೊಂಡಾಗಲೆಲ್ಲ ಅವಳಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಅಲ್ಲಿಂದ ಮುಂದೆ ಬಿಡಿಸಿ ತಂದ ಒಂದೊಂದು ಹುಡುಗಿಯನ್ನೂ ಅವಳು ಎಣಿಸಿದ್ದು ಈ ಒಬ್ಬಳ ಎದುರಿಗೆ. ಎಷ್ಟು ಎಣಿಸಿದರೂ ಆ ಒಬ್ಬಳು ಹೊರಗೇ ಉಳಿದಳು.

ಮಗಳಾದವಳು ಒಳಗೆ ಚಾಪೆಯ ಮೇಲೆ ಅಳುವವರ ಜೊತೆ ಕೂರಬೇಕು. ತೊಕೋ ಮಾತ್ರ ಹಿತ್ತಲಲ್ಲಿ, ಮೂರು ಕಲ್ಲಿನ ಒಲೆಯ ಮುಂದೆ, ದೊಡ್ಡ ಹಂಡೆಯಲ್ಲಿ ಮುದ್ದೆ ತಿರುವುತ್ತಾ ನಿಂತಿದ್ದಳು. ನಲವತ್ತು ವಯಸ್ಸು, ಗಟ್ಟಿ ತೋಳು, ಅಪ್ಪನದೇ ಅಗಲ ಹಣೆ. ಪ್ರಿಸ್ಕಾ ಹತ್ತಿರ ಹೋಗಿ ನಿಂತಳು.

"ತೊಕೋ, ನಾನು ಪ್ರಿಸ್ಕಾ. ನಿಮ್ಮಪ್ಪ ನನ್ನ ಗಾಡಿ..."

"ಗೊತ್ತು ಬಿಡೇ ಕೋತಿಯಮ್ಮ! ನಿನ್ನ ಯಾರಿಗೆ ಗೊತ್ತಿಲ್ಲ? ಶನಿವಾರ ಆದ್ರೆ ಸಾಕು, ರೇಡಿಯೋದಲ್ಲಿ ಕೂಗ್ತಿರ್ತೀಯ. ನನ್ನ ಹೊಲಿಗೆ ಮಿಷನ್ನಿಗಿಂತ ನಿಂದೇ ಸದ್ದು ಜಾಸ್ತಿ. ಬಾ ಕೂತ್ಕೋ. ಕೋತಿ ಸಾರಿಲ್ಲ, ಎಲೆಕೋಸಿದೆ, ತಿಂತೀಯ?"

ಕೋತಿಯಮ್ಮ. ಆ ಮಾತು ಕೇಳಿ ಇಪ್ಪತ್ತಾರು ವರ್ಷವಾಗಿತ್ತು. ಪ್ರಿಸ್ಕಾಳಿಗೆ ಅಲ್ಲೇ ಕುಸಿದು ಅತ್ತುಬಿಡಬೇಕು ಅನ್ನಿಸಿತು. ಮರದ ಒರಳಿನ ಮೇಲೆ ಕೂತಳು.

"ಅಪ್ಪನ ಮೇಲೆ ಸಿಟ್ಟಂತೆ?" ಎಂದಳು.

ತೊಕೋ ಕೋಲನ್ನು ಹಂಡೆಯ ಅಂಚಿಗೆ ಕುಟ್ಟಿದಳು. "ಚಿಕ್ಕತ್ತೆ ಕಳಿಸಿದ್ಲಾ? ಸಿಟ್ಟೇನಿಲ್ಲ. ಒಂದೇ ಒಂದು ಕೇಳ್ತೀನಿ, ನೀನೇ ಹೇಳು. ಅಷ್ಟು ವರ್ಷ ನಿನ್ನ ಹಿಂದೆ ಕೂರಿಸ್ಕೊಂಡು ಓಡಾಡಿದ್ನಲ್ಲ, ಒಂದು ಮಾತು ಆಡೋಕೆ ಆಗ್ಲಿಲ್ವಾ ಅವನಿಗೆ? 'ಅಮ್ಮ, ನನ್ನ ಮಗಳನ್ನ ಮಾರ್ತಿದಾರೆ' ಅಂತ. ನಿನ್ನ ಕಿವಿಗೆ ಬಿದ್ದಿದ್ರೆ ನೀನು ಬಿಡ್ತಿದ್ಯಾ? ಜಿಲ್ಲೆಗೇ ಬೆಂಕಿ ಹಚ್ತಿದ್ದೆ. ನಾನು ಆಸ್ಪತ್ರೆ ಮಂಚದ ಮೇಲೆ ಇದನ್ನೇ ಯೋಚಿಸ್ತಿದ್ದೆ. ಅವಳಿಗೆ ಗೊತ್ತಾಗಿದ್ರೆ ಬರ್ತಿದ್ಲು, ಅಪ್ಪ ಹೇಳ್ಲಿಲ್ಲ, ಹೇಳ್ಲಿಲ್ಲ ಅಂತ."

ಹೇಳಬೇಕಾದ ಮಾತು ಪ್ರಿಸ್ಕಾಳ ನಾಲಿಗೆಯ ತುದಿಗೆ ಬಂತು. ಹೇಳು, ಹೇಳೇ ಮುದುಕಿ, ಇದಕ್ಕೇ ತಾನೇ ಬಂದದ್ದು ಎಂದು ಒಳಗಿನಿಂದ ಯಾರೋ ತಿವಿದರು. ಎದುರಿಗೆ ನಿಂತವಳ ಕಣ್ಣಲ್ಲಿ ತನ್ನ ಮೇಲಿದ್ದ ನಂಬಿಕೆ ನೋಡಿದಳು. ಅದನ್ನು ಒಡೆಯುವ ಧೈರ್ಯ ಸಾಲಲಿಲ್ಲ.

"ನಿಮ್ಮಪ್ಪ ಒಳ್ಳೆಯವನು ಕಣೇ" ಎಂದಳು.

"ನಿನಗೆ ಒಳ್ಳೆಯವನು" ಎಂದು ತೊಕೋ ಮತ್ತೆ ಮುದ್ದೆಗೆ ತಿರುಗಿದಳು.

ಹೊತ್ತು ನೆತ್ತಿಯಿಂದ ಇಳಿಯುವಾಗ ಹೆಣ ಎತ್ತಿದರು. ಗುಂಡಿಯ ಬಳಿ ನಂಟರ ಆಟ ಜೋರಾಗಿತ್ತು. ಈ ಊರಿನ ಶಾಲೆಯಲ್ಲಿ ಕಲಿಸುವ ಕಪೆಂಬ್ವಾ ಮೇಷ್ಟ್ರು, ಅವರೂ ಬೆಂಬಾದವರೇ, ಗುಂಡಿಯೊಳಗೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. "ಮೇಷ್ಟ್ರೇ, ಏಳಿ, ಗಂಟೆ ಹೊಡೀತು" ಎಂದು ಯಾರೋ ಕೂಗಿದರು. ಒಂದು ಶೀಶೆ ಬಿಯರು ತೋರಿಸಿದ ಮೇಲೆ ಮೇಷ್ಟ್ರು ಎದ್ದು ಮೈ ಕೊಡವಿಕೊಂಡರು. ಅನೆಸಿ ಅಣ್ಣನ ಹಳೆಯ ಚಾಲಕನ ಟೊಪ್ಪಿ ತಂದು ಪ್ರಿಸ್ಕಾಳ ತಲೆಗೆ ಒತ್ತಿದಳು. "ನೀನು ಹಾಕ್ಕೊಳ್ಳೇ. ನಿನ್ನ ಗಾಡಿಯವನು, ನೀನೇ ನಡೆದು ತೋರ್ಸು."

ಪೆಟ್ಟಿಗೆ ಕೆಳಗಿಳಿಯಿತು. ಪಾದ್ರಿ ಪ್ರಾರ್ಥನೆ ಮುಗಿಸಿ, ಮಗಳು ಮೊದಲ ಮಣ್ಣು ಹಾಕಲಿ ಎಂದರು. ತೊಕೋ ಅಲುಗಾಡಲಿಲ್ಲ. ಎರಡೂ ಕೈಯನ್ನು ಸೊಂಟದ ಬಟ್ಟೆಯೊಳಗೆ ಮುಚ್ಚಿಕೊಂಡಳು.

"ನನ್ನ ಕೈ ಮಣ್ಣು ಅವನಿಗೆ ಬೇಡ. ಮಾರೋವಾಗ ಕೈ ಕಟ್ಕೊಂಡು ನಿಂತ್ನಲ್ಲ, ಈಗ ನನ್ನ ಸರದಿ."

ಜನ ಉಸಿರು ಬಿಗಿಹಿಡಿದರು. ಅನೆಸಿ ಹೊದ್ದ ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪಾದ್ರಿ ಸನಿಕೆಯವರ ಕಡೆ ನೋಡಿ, ಮುಚ್ಚಿ ಎನ್ನುವಂತೆ ಕೈ ಎತ್ತುತ್ತಿದ್ದರು. ಪ್ರಿಸ್ಕಾ ಆಗ ಗುಂಡಿಯ ಅಂಚಿಗೆ ನುಗ್ಗಿ ಅಡ್ಡ ನಿಂತಳು. ತಲೆಯ ಮೇಲೆ ಟೊಪ್ಪಿ ಇತ್ತು. ನೇರವಾಗಿ ಹೇಳಲು ಬಾಯಿ ತೆರೆದಳು, ಮಾತು ಹೊರಡಲೇ ಇಲ್ಲ. ಕೈ ತಾನಾಗಿ ಮೇಲೆದ್ದು ಇಲ್ಲದ ಸ್ಟೇರಿಂಗನ್ನು ಹಿಡಿಯಿತು.

"ಏನು ಕೋತಿಯಮ್ಮ!" ಎಂದಳು, ಲಾಮೆಕ್‌ನ ಗೊಗ್ಗರು ದನಿಯಲ್ಲಿ. "ಮೂಳೆ ಹಲ್ಲಿಗೆ ಸಿಕ್ಕೊಂಡಿದ್ಯಾ?"

ಜನ ಹೋ ಎಂದು ನಕ್ಕರು. ಬಿಗಿದಿದ್ದ ಉಸಿರೆಲ್ಲ ಹೊರಬಿತ್ತು. "ಮಂತ್ರಿ ಗಾಡಿ ಹೊರಡ್ತು, ದಾರಿ ಬಿಡ್ರೋ!" ಎಂದರು ಮೇಷ್ಟ್ರು.

"ಜಿನೀವಾ ಯಾಕೆ, ನಮ್ಮೂರಿಗೇ ಹೋಗು. ಶನಿವಾರ ನನ್ನ ತೊಕೋನ್ನ ಮುದುಕನಿಗೆ ಕಟ್ತಿದಾರೆ. ಒಂದು ಫೋನು ಹೊಡಿ, ನಿಲ್ಲಿಸು, ಅಂತಾನೆ ಈ ಲಾಮೆಕ್, ಗಾಡಿ ಓಡಿಸ್ತಾ. ನಾನೇನಂದೆ ಗೊತ್ತಾ? ಇಲಿ ತಿನ್ನೋನ ಮಗಳಿಗೆ ಎಂಟು ಹಸುನೇ ಹೆಚ್ಚಾಯ್ತು ಅಂದೆ! ಅಂದು ನಕ್ಕೆ!"

ನಗು ಇನ್ನೂ ಏರಿತು. ಒಬ್ಬಳು ತೊಡೆ ಚಪ್ಪರಿಸಿಕೊಂಡಳು.

"ನಗಬೇಡ್ರೋ! ನಿಜ ಹೇಳ್ತಿದೀನಿ ಕಣ್ರೋ! ಅವನು ಕೇಳಿದ, ನಾನು ನಕ್ಕು ವಿಮಾನ ಹತ್ತಿದೆ! ತಪ್ಪು ನಂದು!" ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಟೊಪ್ಪಿ ಒಂದು ಕಡೆಗೆ ವಾಲಿತ್ತು.

"ಅಯ್ಯಯ್ಯೋ, ಅಳೋದನ್ನೂ ಎಷ್ಟು ಚೆನ್ನಾಗಿ ಆಡ್ತಾಳೆ ನೋಡೇ!" ಎಂದಳು ಅನೆಸಿ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಮಣ್ಣಿನ ಗುಡ್ಡೆಗೆ ಒರಗಿದರು. ಪ್ರಿಸ್ಕಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಕಿವಿಗೂ ಅದು ಮಾತಾಗಿ ಬೀಳಲಿಲ್ಲ. ನಂಟಳು ಆಡಿದ್ದು, ನಗಬೇಕು, ನಕ್ಕರು. ಆ ಬೆಳಿಗ್ಗೆ ಲಾಮೆಕ್‌ಗೆ ಹೇಗಾಗಿತ್ತು ಎಂಬುದು ಅವಳಿಗೆ ಇವತ್ತು ಪೂರ್ತಿ ತಿಳಿಯಿತು.

"ಕೊಂಬು ಮುರಿದ ಹಸು ಇತ್ತಲ್ಲೇ, ತೊಕೋ" ಎಂದಳು, ದನಿ ಉಡುಗಿಹೋಗಿ. "ಎಡಗೊಂಬು. ಅದನ್ನೂ ಹೇಳಿದ."

ತೊಕೋ ತಲೆ ಎತ್ತಿದಳು. ನಗುತ್ತಿದ್ದವರನ್ನು ಎರಡೂ ಕೈಯಿಂದ ಸರಿಸಿಕೊಂಡು ಎದುರಿಗೆ ಬಂದು ನಿಂತಳು.

"ಆ ಹಸು ನಿಮಗೆ ಹೇಗೆ ಗೊತ್ತು?"

ನಿಮಗೆ ಅಂದಳು.

"ಅವನೇ ಹೇಳಿದ."

"ಯಾವತ್ತು?"

"ಮಂಗಳವಾರ. ಶನಿವಾರಕ್ಕೆ ಮುಂಚೆ. ನಾಲ್ಕು ದಿನ ಇತ್ತು."

"ನೀವೇನು ಅಂದ್ರಿ?"

"ಈಗ ಅಂದ್ನಲ್ಲ, ಅದೇ. ನಕ್ಕೆ."

"ತಮಾಷೆ ಅಂದ್ಕೊಂಡ್ರಾ?"

ಪ್ರಿಸ್ಕಾ ಹೌದು ಅನ್ನಬಹುದಿತ್ತು. ಹೌದು ಅಂದರೆ ಕಟ್ಟಳೆ ಅವಳನ್ನು ಕಾಯುತ್ತಿತ್ತು. "ಇಲ್ಲ" ಎಂದಳು. "ಕನ್ನಡಿಯಲ್ಲಿ ಅವನ ಕಣ್ಣು ನೋಡಿದ್ದೆ."

 ತೊಕೋ ಗುಂಡಿಯ ಕಡೆ ತಿರುಗಿ ಮಂಡಿಯೂರಿದಳು, ಬೊಗಸೆ ತುಂಬ ಕೆಂಪು ಮಣ್ಣು ತುಂಬಿಕೊಂಡಳು. "ಅಪ್ಪಾ" ಎಂದಳು, "ಹೇಳಿದ್ಯಲ್ಲಪ್ಪಾ, ನನಗ್ಯಾಕಪ್ಪ ಹೇಳ್ಲಿಲ್ಲ" ಎಂದು ಎದೆ ಬಿರಿಯುವಂತೆ ಅತ್ತಳು. ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಹೆಂಗಸರು ಒಟ್ಟಿಗೆ ಗೋಳಾಡಿದರು. ನಗುವೂ ಅಳುವೂ ಬೆರೆತು ಊರಿಗೆಲ್ಲ ಕೇಳಿಸಿತು.

ಬೆಂಬಾ ಮುದುಕಿ ಎಂಥ ಆಟ ಆಡಿ ಮಗಳ ಮನಸ್ಸು ಕರಗಿಸಿದಳು ಎಂದು ಜನ ಹೊಗಳಿದರು. ಊಟಕ್ಕೆ ಕೂತಾಗ ಬೈಗುಳ ಮತ್ತೆ ಶುರುವಾಯಿತು. ಮೇಷ್ಟ್ರು ಬೈದರು, ಅನೆಸಿ ಬೈದಳು, ಹಲ್ಲಿಲ್ಲದ ಅಜ್ಜಿಯೊಬ್ಬಳು ಇಷ್ಟು ದೊಡ್ಡ ಕೋತಿಯನ್ನು ನಾನು ನೋಡೇ ಇಲ್ಲ ಎಂದಳು. ಪ್ರಿಸ್ಕಾ ಯಾರಿಗೂ ತಿರುಗಿ ಅನ್ನಲಿಲ್ಲ. ಹಿತ್ತಲಿಂದ ತಟ್ಟೆ ಹಿಡಿದು ಬರುತ್ತಿದ್ದ ತೊಕೋಳ ಬಾಯನ್ನೇ ನೋಡುತ್ತಿದ್ದಳು. ಒಂದು, ಒಂದೇ ಒಂದು ಬೈಗುಳ ಸಾಕಿತ್ತು.

ತೊಕೋ ಅವಳ ಮುಂದೆ ಮಂಡಿಯೂರಿ ತಟ್ಟೆ ಇಟ್ಟಳು. ಕೈ ತೊಳೆಯಲು ನೀರು ಹಾಕಿದಳು. ದೊಡ್ಡವರಿಗೆ ಮಾಡುವಂತೆ ಅಂಗೈ ಬಾಗಿಸಿ ಮೆಲ್ಲಗೆ ಎರಡು ಸಲ ಚಪ್ಪಾಳೆ ತಟ್ಟಿ ಎದ್ದು ಹೋದಳು. ಗಾಡಿ ಹೊರಡುವಾಗಲೂ ಬಂದಳು. ತಲೆಗೆ ಬಿಗಿದಿದ್ದ ಬಟ್ಟೆಯನ್ನು ಸರಿಮಾಡಿಕೊಂಡು, ಬಾಗಿಲು ಹಾಕಿ, ಗಾಜಿನ ಬಳಿ ಬಾಗಿದಳು. ಪ್ರಿಸ್ಕಾ ಅವಸರದಿಂದ ಗಾಜು ಇಳಿಸಿದಳು.

"ಹುಷಾರಾಗಿ ಹೋಗಿ, ಮೇಡಂ" ಎಂದಳು ತೊಕೋ.